ರೇಯಡರಿನಿಂದ ಮೂವತ್ತನಾಲ್ಕು ಮೈಲಿ

ಬೋರ್ತ್
2 ಏಪ್ರಿಲ್ 2022

ಶ್ರೀ ಎಮ್ಲಿನ್ ಪ್ರೊಬರ್ಟ್,
ಪ್ರೊಬರ್ಟ್ ಮೋಟಾರ್ ಸೈಕಲ್ ಗ್ಯಾರೇಜ್, ರೇಯಡರ್

ಮಾನ್ಯರೇ,

ಅಪ್ಪ ಎಂದು ಬರೆಯಲು ಕೈ ಏಳುತ್ತಿಲ್ಲ. ಆದ್ದರಿಂದ ನಿಮ್ಮ ಗಿರಾಕಿಗಳಲ್ಲಿ ಒಬ್ಬಳಾಗಿ ಬರೆಯುತ್ತಿದ್ದೇನೆ. ಫೋನ್ ಮಾಡಬೇಡಿ. ನಿಮ್ಮ ನಂಬರಿಗೆ ತಡೆ ಹಾಕಿದ್ದೇನೆ.

ವಿಷಯ ನನ್ನ ಬೈಕಿನದು. ನೀಲಿ ಬಿಳಿ ಬಣ್ಣದ, ಆರುನೂರು ಸಿಸಿಯ, ಹದಿನಾಲ್ಕು ವರ್ಷ ಹಳೆಯ ಸ್ಪೋರ್ಟ್ಸ್ ಬೈಕು. ನನಗಿಂತ ಮೊದಲು ಮೂವರ ಕೈ ದಾಟಿ ಬಂದದ್ದು. ಮಾರ್ಚ್ 19ರ ಶನಿವಾರ ಬೆಳಿಗ್ಗೆ ಅದನ್ನು ವಾರ್ಷಿಕ ಪರೀಕ್ಷೆಗೆ ನಿಮ್ಮಲ್ಲಿ ತಂದೆ. ನೀವು ಫೇಲ್ ಮಾಡಿದಿರಿ. ಬರೀ ಫೇಲ್ ಅಲ್ಲ, 'ಅಪಾಯಕಾರಿ, ರಸ್ತೆಗೆ ಇಳಿಸಕೂಡದು' ಎಂಬ ಷರಾ ಬೇರೆ. ನಿಮ್ಮ ಶನಿವಾರದ ಗುಂಪು ಚಹಾ ಹಿಡಿದು ಸಾಲಾಗಿ ಕೂತಿತ್ತು. ಯೆಯನ್ ಕೇಳಿದ: "ಏನಮ್ಮ ಮರೆದ್, ಸ್ವಂತ ಅಪ್ಪನೇ ಫೇಲ್ ಮಾಡ್ದನಾ? ಮನೇಲಿ ಊಟಕ್ಕೆ ಕೂರೋಕೂ ಸರ್ಟಿಫಿಕೇಟ್ ಕೇಳ್ತಾನಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ.

ಹನ್ನೊಂದಕ್ಕೆ, ನಿಮ್ಮನ್ನು ಬಿಟ್ಟ ಮೇಲೆ ಅಮ್ಮ ಯಾರ ಜೊತೆಗಿದ್ದಳೋ ಆ ಅಲೆಡ್ ಫೋನ್ ಮಾಡಿದ. "ಅಬರಿಸ್ಟ್ವಿತ್ ಆಸ್ಪತ್ರೆಗೆ ಬೇಗ ಬಾ, ನಿಮ್ಮಮ್ಮನಿಗೆ ಹೊತ್ತು ಹತ್ತಿರ ಬಂದಿದೆ" ಎಂದ.

ಆಮೇಲೆ ಏನಾಯಿತು ಎಂಬುದನ್ನು ನಾನು ಬರೆಯಬೇಕೇ? ಬರೆಯುತ್ತೇನೆ. ನಿಮಗೆ ದಾಖಲೆ ಎಂದರೆ ಇಷ್ಟ ತಾನೇ? ನಾನು ಬೈಕಿನ ಕೀಲಿ ಕೇಳಿದೆ. "ಇದನ್ನ ಓಡಿಸಿದ್ರೆ ದಾರೀಲೇ ಸಾಯ್ತೀಯ" ಎಂದು ಹೇಳಿ ಕೀಲಿಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದಿರಿ. ಬ್ರೇಕ್ ಪ್ಯಾಡ್ ಹಾಕಿಕೊಡಿ ಎಂದೆ. ಮಂಗಳವಾರ ಬರುತ್ತದೆ ಎಂದಿರಿ. ವ್ಯಾನ್ ಕೊಡಿ ಎಂದೆ. ಕ್ಲಚ್ ಹೋಗಿದೆ ಎಂದಿರಿ. ಬಸ್ ಆಗಲೇ ಹೊರಟಿತ್ತು. ಗೆಳತಿಯೊಬ್ಬಳು ಬಿಲ್ತ್‌ನಿಂದ ಕಾರು ತಂದಳು. ಆಸ್ಪತ್ರೆ ಮುಟ್ಟಿದಾಗ ಮೂರೂ ನಲವತ್ತು. ಅಮ್ಮ ಹೋದದ್ದು ಮೂರೂ ಇಪ್ಪತ್ತಕ್ಕೆ.

ಇಪ್ಪತ್ತು ನಿಮಿಷ. ನಿಮ್ಮ ಫಾರಮ್ಮಿನಲ್ಲಿ ಇದಕ್ಕೆ ಯಾವ ಕಾಲಮ್ಮು ಇದೆ?

ಅಂತ್ಯಕ್ರಿಯೆಗೂ ನೀವು ಬರಲಿಲ್ಲ. ಅವಳು ನಿಮ್ಮನ್ನು ಬಿಟ್ಟು ಹೋಗಿ ಎಂಟು ವರ್ಷವಾಯಿತು, ಸರಿ. ಆದರೆ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಅವಳ ಹತ್ತಿರ ನಾನು ಹೋಗುವುದು ನಿಮಗೆ ಎಂದೂ ಸರಿಬಂದಿರಲಿಲ್ಲ. ಆ ದಿನ ನಿಮ್ಮ ಕೈಗೆ ಒಂದು ನೆಪ ಸಿಕ್ಕಿತು, ಅಷ್ಟೆ. ಬೈಕಿಗೆ ಏನೂ ಆಗಿರಲಿಲ್ಲ ಎಂದು ನಾನು ನಂಬಿದ್ದೇನೆ.

ಶುಕ್ರವಾರ ಅಲೆಡ್‌ನ ಟ್ರೇಲರ್ ಬರುತ್ತದೆ. ಬೈಕ್ ಕೊಟ್ಟು ಕಳಿಸಿ. ಆ ಹೊತ್ತಿಗೆ ನೀವು ಒಳಗೇ ಇದ್ದರೆ ಒಳ್ಳೆಯದು.

ಮರೆದ್ ಪ್ರೊಬರ್ಟ್

*

ರೇಯಡರ್
6 ಏಪ್ರಿಲ್ 2022

ಮರೆದ್,

ಪತ್ರ ಸೇರಿತು.

ಬೈಕಿಗೆ ಏನೂ ಆಗಿರಲಿಲ್ಲ ಎಂದು ಬರೆದಿದ್ದೀಯ. ಮುಂದಿನ ಚಕ್ರದ ಬಲಗಡೆ ಬ್ರೇಕ್ ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಡಿಸ್ಕ್ ಮೇಲೆ ಗೀರು ಬಿದ್ದಿತ್ತು. ಹ್ಯಾಂಡಲಿನ ಬೇರಿಂಗ್ ನೇರಕ್ಕೆ ಬಂದಾಗ ಹಲ್ಲಿಗೆ ಸಿಕ್ಕ ಹಾಗೆ ಹಿಡಿಯುತ್ತಿತ್ತು. ಅಬರಿಸ್ಟ್ವಿತ್ ದಾರಿಯ ಪೊಂಟರ್ವಿಡ್ ಇಳಿಜಾರಿನ ತಿರುವಿನಲ್ಲಿ ಅರವತ್ತರ ವೇಗದಲ್ಲಿ ಹ್ಯಾಂಡಲ್ ಹಾಗೆ ಹಿಡಿದರೆ ಏನಾಗುತ್ತದೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಹನ್ನೆರಡನೇ ವಯಸ್ಸಿಗೇ ನೀನು ಬೇರಿಂಗ್ ಬಿಚ್ಚಿ ಹಾಕುತ್ತಿದ್ದವಳು.

ನಲವತ್ತು ವರ್ಷದಿಂದ ಪರೀಕ್ಷೆ ಮಾಡುತ್ತಿದ್ದೇನೆ. ಮಂತ್ರಿಯ ಮಗನಾದರೂ ಅಷ್ಟೆ, ನನ್ನ ಮಗಳಾದರೂ ಅಷ್ಟೆ. ಇವತ್ತು ತಂದರೆ ಇವತ್ತೂ ಫೇಲ್ ಮಾಡುತ್ತೇನೆ.

ಟ್ರೇಲರಿನಲ್ಲಿ ಬೈಕಿನ ಜೊತೆ ಹೊಸ ಪ್ಯಾಡುಗಳ ಡಬ್ಬಿ ಇಟ್ಟಿರುತ್ತೇನೆ. ಬೇರಿಂಗಿನ ಸೆಟ್ಟೂ ಇರುತ್ತದೆ. ಅದನ್ನು ಮೊದಲು ಹಾಕಿಸು.

ನಿಮ್ಮಮ್ಮನ ಬಗ್ಗೆ ಬೇಸರವಾಯಿತು.

ಅಪ್ಪ

*

ಬೋರ್ತ್
9 ಏಪ್ರಿಲ್ 2022

ಮಾನ್ಯರೇ,

ಡಬ್ಬಿಗಳನ್ನು ವಾಪಸ್ ಕಳಿಸಿದ್ದೇನೆ. ಪ್ಯಾಡ್ ನಾನೇ ಕೊಂಡು ಹಾಕಿಕೊಂಡೆ.

'ನಿಮ್ಮಮ್ಮನ ಬಗ್ಗೆ ಬೇಸರವಾಯಿತು.' ಬ್ರೇಕಿಗೆ ಆರು ಸಾಲು, ಅಮ್ಮನಿಗೆ ಒಂದು. ಪಕ್ಕದ ಮನೆಯ ಬೆಕ್ಕು ಸತ್ತರೂ ಜನ ಇದಕ್ಕಿಂತ ಉದ್ದ ಬರೆಯುತ್ತಾರೆ.

ನಿಮ್ಮ ಕೈಯಿಂದ ಆ ಬೈಕಿಗೆ ಇನ್ನು ಒಂದು ಸ್ಕ್ರೂ ಕೂಡ ಬೀಳುವುದಿಲ್ಲ.

ಮರೆದ್ ಪ್ರೊಬರ್ಟ್

*

ರೇಯಡರ್
27 ಏಪ್ರಿಲ್ 2022

ಮರೆದ್,

ಪರೀಕ್ಷೆಯ ದಾಖಲೆ ಊರಿಗೆಲ್ಲ ತೆರೆದದ್ದು. ಸರ್ಕಾರದ ವೆಬ್‌ಸೈಟಿನಲ್ಲಿ ಬೈಕಿನ ನಂಬರ್ ಒತ್ತಿದರೆ ಯಾರು ಬೇಕಾದರೂ ನೋಡಬಹುದು. ಹಾಗಾಗಿ ನಾನೂ ನೋಡಿದೆ.

23ನೇ ತಾರೀಖು ಕಡಲದಡದ ಯಾವುದೋ ಗ್ಯಾರೇಜಿನಲ್ಲಿ ಪಾಸಾಗಿದೆ. ಒಂದು ಷರಾ ಇಲ್ಲ, ಒಂದು ಎಚ್ಚರಿಕೆ ಇಲ್ಲ. ಮೀಟರಿನಲ್ಲಿ 31,206 ಮೈಲಿ ಎಂದು ಬರೆದಿದ್ದಾನೆ. ಮಾರ್ಚಿನಲ್ಲಿ ನಾನು ಬರೆದದ್ದು 31,412. ನಿನ್ನ ಬೈಕು ಹಿಂದುಹಿಂದಕ್ಕೆ ಓಡಿತೇ? ಆ ಮನುಷ್ಯ ಮೀಟರನ್ನೇ ನೋಡಿಲ್ಲ. ಮೀಟರ್ ನೋಡದವನು ಬೇರಿಂಗ್ ನೋಡಿದ್ದಾನೆಯೇ? ಮುಂದಿನ ಚಕ್ರವನ್ನು ನೆಲದಿಂದ ಎತ್ತಿದನೋ ಇಲ್ಲವೋ, ಅಷ್ಟು ಹೇಳು. ಎತ್ತದೆ ಅದು ಗೊತ್ತಾಗುವುದಿಲ್ಲ.

ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಕಾಗದ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನೀನು ನನ್ನ ಮೇಲಿನ ಹಟಕ್ಕೆ ಹೋಗಿ ಅವನ ಕಾಗದವನ್ನು ನಂಬಬೇಡ. ನನ್ನನ್ನು ಬಯ್ಯಿ, ಬೇರಿಂಗ್ ಹಾಕಿಸು. ಎರಡನ್ನೂ ಮಾಡಬಹುದು.

ಅಪ್ಪ

*

ಅಬರಿಸ್ಟ್ವಿತ್
5 ಮೇ 2022

ಮಾನ್ಯರೇ,

ಪತ್ತೇದಾರಿಕೆ ಚೆನ್ನಾಗಿದೆ. ಅಮ್ಮ ಆರು ತಿಂಗಳು ಹಾಸಿಗೆ ಹಿಡಿದಿದ್ದಳು. ಅವಳು ಹೇಗಿದ್ದಾಳೆಂದು ಒಂದು ದಿನ ವಿಚಾರಿಸದವರು ನನ್ನ ಬೈಕಿನ ಮೀಟರನ್ನು ಕನ್ನಡಕ ಹಾಕಿಕೊಂಡು ಓದಿದ್ದೀರಿ.

ನಾನೀಗ ಇಲ್ಲೇ ಮನೆ ಮಾಡಿದ್ದೇನೆ. ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಕೆಲಸ. ದಿನವಿಡೀ ಕಿವಿ ಕೇಳದವರ ಜೊತೆ ಮಾತಾಡುತ್ತೇನೆ. ಅವರೆಲ್ಲ ನಿಮಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ಬೈಕ್ ಪಾಸಾಗಿದೆ. ಸರ್ಕಾರದ ಪುಟದಲ್ಲಿ ಹಸಿರು ಬಣ್ಣದಲ್ಲಿ ಬರೆದಿದೆ. ಮತ್ತೆ ಬರೆಯಬೇಡಿ.

ಮರೆದ್ ಪ್ರೊಬರ್ಟ್

*

ರೇಯಡರ್
24 ಏಪ್ರಿಲ್ 2023

ಮರೆದ್,

ಬರೆಯಬೇಡ ಎಂದಿದ್ದೆ. ಒಂದು ವರ್ಷ ಬರೆಯಲಿಲ್ಲ.

ಈ ಸಲವೂ ಅದೇ ಗ್ಯಾರೇಜು, ಅದೇ ಪಾಸು, ಅದೇ ಬರಿದಾದ ಪುಟ. ಹದಿನೈದು ವರ್ಷದ ಬೈಕಿನ ಮೇಲೆ ಒಂದೇ ಒಂದು ಮಾತು ಬರೆಯುವುದಕ್ಕೆ ಸಿಗದೆ ಹೋಗುವುದು ಸಾಧ್ಯವೇ ಇಲ್ಲ. ಹೊಚ್ಚ ಹೊಸ ಬೈಕಿನಲ್ಲೂ ನನಗೆ ಏನಾದರೂ ಸಿಗುತ್ತದೆ.

36,950 ಮೈಲಿ ಆಗಿದೆ. ಒಂದು ವರ್ಷಕ್ಕೆ ಐದೂವರೆ ಸಾವಿರ. ಎಲ್ಲಿಗೆಲ್ಲ ಹೋದೆ ಎಂದು ಕೇಳುವ ಹಕ್ಕು ನನಗಿಲ್ಲ. ಮೀಟರ್ ಏರಿದೆಯಲ್ಲ, ಅಂದರೆ ಓಡಾಡಿಕೊಂಡಿದ್ದೀಯ ಎಂದುಕೊಂಡೆ.

ಬೇರಿಂಗ್ ಹಾಕಿಸಿದೆಯಾ?

ಅಪ್ಪ

*

ಅಬರಿಸ್ಟ್ವಿತ್
14 ಏಪ್ರಿಲ್ 2024

ಮಾನ್ಯರೇ,

ನಿಮಗೆ ಸಂತೋಷವಾಗುವ ಸುದ್ದಿ. ಹೇಗೂ ನಾಳೆಯೇ ದಾಖಲೆಯಲ್ಲಿ ನೋಡುತ್ತೀರಿ, ನನ್ನ ಬಾಯಿಂದಲೇ ಕೇಳಿ. ಬೈಕು ಫೇಲಾಗಿದೆ.

ಕಡಲದಡದ ಗ್ಯಾರೇಜು ಬಾಗಿಲು ಮುಚ್ಚಿತು. ಮಖುನ್ಲೆತ್‌ನಲ್ಲಿ ಬೆಥನ್ ಎಂಬ ಹೆಂಗಸು ಪರೀಕ್ಷೆ ಮಾಡುತ್ತಾಳೆ ಎಂದು ಕೇಳಿ ಅಲ್ಲಿಗೆ ಹೋದೆ. ನಿಮ್ಮ ಜಾತಿಯವಳೇ. ಮುಖದಲ್ಲಿ ನಗು ಇಲ್ಲ, ಕೈಯಲ್ಲಿ ಟಾರ್ಚು. ಮುಂದಿನ ಚಕ್ರ ಎತ್ತಿದಳು, ಹ್ಯಾಂಡಲನ್ನು ಒಂದೇ ಬೆರಳಿನಲ್ಲಿ ತಳ್ಳಿದಳು. ನಡುವೆ ಬಂದು ಟಕ್ಕೆಂದು ನಿಂತಿತು. ಅವಳು ನನ್ನ ಮುಖ ನೋಡಿದಳು.

"ಇದು ಒಂದು ವರ್ಷದ ಸವೆತ ಅಲ್ಲ ಕಣೇ. ಎಷ್ಟು ದಿನದಿಂದ ಹೀಗಿದೆ?"

"ಗೊತ್ತಿಲ್ಲ" ಎಂದೆ.

"ಗೊತ್ತಿಲ್ವಾ? ನಿನ್ನ ಕೈಗೆ ಗೊತ್ತಿರ್ಬೇಕಲ್ಲ."

ಕೈಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ಪ್ರತಿ ತಿರುವಿನಲ್ಲೂ ಗೊತ್ತಾಗುತ್ತಿತ್ತು. ಅದು ಸರಿಯಿದೆ ಎಂದು ನನಗೆ ನಾನೇ ಹೇಳಿಕೊಂಡು ಓಡಿಸಿದೆ. ಯಾಕೆಂದರೆ ಅದು ಸರಿಯಿಲ್ಲ ಎಂದಾದರೆ ನೀವು ಆ ದಿನ ಸರಿ ಎಂದಾಗುತ್ತಿತ್ತು. ನಿಮ್ಮನ್ನು ಸುಳ್ಳು ಮಾಡಲು ನಾನು ಹತ್ತು ಸಾವಿರ ಮೈಲಿ ಪ್ರಾಣ ಒತ್ತೆಯಿಟ್ಟೆ. ಇದನ್ನು ಬರೆಯುವಾಗ ಎಷ್ಟು ಕೋಪ ಬರುತ್ತಿದೆಯೆಂದರೆ ಪೆನ್ನಿನ ಮೊನೆ ಕಾಗದದಲ್ಲಿ ತೂತು ಮಾಡುತ್ತಿದೆ.

ಇರಲಿ. ಬೈಕಿನ ವಿಷಯದಲ್ಲಿ ನೀವು ಸರಿ. ನಾನು ತಪ್ಪು. ಬೇಕಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿ.

ಈ ಪತ್ರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಫೆಬ್ರವರಿಯಲ್ಲಿ ಯೆಯನ್ ನಮ್ಮ ವಿಭಾಗಕ್ಕೆ ಬಂದಿದ್ದ. ಎರಡೂ ಕಿವಿಗೆ ಯಂತ್ರ ಬೇಕಂತೆ. ಅಳತೆ ತೆಗೆಯುವಾಗ ಹರಟಿದ. ಅವನ ಬಾಯಿ ನಿಮಗೆ ಗೊತ್ತು, ಮೂವತ್ತು ವರ್ಷ ಅಂಚೆ ಹಂಚಿದರೂ ಒಂದು ಗುಟ್ಟು ಒಳಗೆ ಉಳಿಯಲಿಲ್ಲ.

"ನಿಮ್ಮಮ್ಮ ಹೋದ ದಿನ ನಿಮ್ಮಪ್ಪನ ನೋಡ್ಬೇಕಿತ್ತಮ್ಮ. ಸಾಯಂಕಾಲ ನನ್ನನ್ನ ವ್ಯಾನಲ್ಲಿ ಕೂರಿಸ್ಕೊಂಡು ಬಿಲ್ತ್‌ಗೆ ಹೋದ, ವಾಪಸ್ ಬಂದ. ಕಲ್ಲು ಕೂತ ಹಾಗೆ ಕೂತಿದ್ದ."

"ಯಾರ ವ್ಯಾನಲ್ಲಿ?" ಎಂದು ಕೇಳಿದೆ.

"ಅವನದೇ. ಇನ್ಯಾರದು?"

"ಕ್ಲಚ್ ಹೋಗಿತ್ತಲ್ಲ?"

"ಕ್ಲಚ್ಚಾ? ಆ ವ್ಯಾನಿನ ಕ್ಲಚ್ಚು ಬೆಣ್ಣೆ ಇದ್ದ ಹಾಗಿದೆ ಕಣಮ್ಮ!"

ಅವನ ಕಿವಿಯಲ್ಲಿ ಅಚ್ಚಿನ ಮೇಣ ಇಟ್ಟು ನಾನು ಹೊರಗೆ ಹೋದೆ. ಹದಿನೈದು ನಿಮಿಷ ಒಳಗೆ ಬರಲಾಗಲಿಲ್ಲ. ಪಾಪ, ಮುದುಕ ಅಲ್ಲೇ ತಲೆ ವಾಲಿಸಿಕೊಂಡು ಕೂತಿದ್ದ.

ಅಪ್ಪ, ನೀನು ಸುಳ್ಳು ಹೇಳಿದೆ. ಮಂತ್ರಿಯ ಮಗನಾದರೂ ಅಷ್ಟೆ ಎನ್ನುವವನು, ಮೀಟರಿನಲ್ಲಿ ಇನ್ನೂರು ಮೈಲಿ ಹೆಚ್ಚುಕಮ್ಮಿಯಾದರೆ ಮೈ ಉರಿಯುತ್ತದೆ ಎನ್ನುವವನು, ನಿನ್ನ ಮಗಳ ಮುಖ ನೋಡಿಕೊಂಡು ಸುಳ್ಳು ಹೇಳಿದೆ. ಬೈಕಿನ ವಿಷಯದಲ್ಲಿ ನೀನು ನನ್ನ ಜೀವ ಉಳಿಸಿದೆ. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ವ್ಯಾನ್ ಅಂಗಳದಲ್ಲಿ ನಿಂತಿತ್ತು. ಹನ್ನೊಂದು ಗಂಟೆಗೆ ಹೊರಟಿದ್ದರೆ ಹನ್ನೆರಡಕ್ಕೆ ಅಮ್ಮನ ಪಕ್ಕದಲ್ಲಿ ಇರುತ್ತಿದ್ದೆ. ಮೂರು ಗಂಟೆ ಇಪ್ಪತ್ತು ನಿಮಿಷ ಅವಳ ಜೊತೆ ಇರುತ್ತಿದ್ದೆ. ಅದನ್ನು ನೀನು ತಿಂದುಕೊಂಡೆ.

ಯಾಕೆ?

ಬೇರಿಂಗ್ ಬಗ್ಗೆ ಒಂದಕ್ಷರ ಬರೆದರೂ ಪತ್ರವನ್ನು ಒಲೆಗೆ ಹಾಕುತ್ತೇನೆ.

ಮರೆದ್

*

ರೇಯಡರ್
2 ಜೂನ್ 2024

ಮರೆದ್,

ನಾಲ್ಕು ಪತ್ರ ಬರೆದು ಹರಿದೆ. ಎಲ್ಲದರಲ್ಲೂ ಎರಡನೇ ಸಾಲಿಗೇ ಬೈಕು ಬಂದುಬಿಡುತ್ತದೆ. ಸ್ವಲ್ಪ ಸಮಯ ಕೊಡು.

ಅಪ್ಪ

*

ರೇಯಡರ್
25 ಆಗಸ್ಟ್ 2024

ಮರೆದ್,

ನಿನ್ನೆ ಬೋರ್ತ್‌ಗೆ ಹೋಗಿದ್ದೆ. ಆ ರಸ್ತೆಯಲ್ಲಿ ಪಶ್ಚಿಮದ ಕಡೆಗೆ ಹತ್ತು ವರ್ಷದಿಂದ ಹೋಗಿರಲಿಲ್ಲ. ಯಾಕೆ ಹೋಗಿರಲಿಲ್ಲ ಎಂಬುದೇ ನಿನ್ನ ಪ್ರಶ್ನೆಗೆ ಉತ್ತರ, ಆದರೆ ಬಿಡಿಸಿ ಹೇಳುತ್ತೇನೆ.

ಕ್ಲಚ್ ಸರಿಯಿತ್ತು. ನೀನು ವ್ಯಾನ್ ಕೇಳಿದ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕಂಡದ್ದು ನೀನಲ್ಲ. ನನ್ನ ಹೆಸರು ಬರೆದ ವ್ಯಾನು ಆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವುದು ಕಂಡಿತು. ಅಲೆಡ್ ಹೊರಗೆ ಬಂದು ಅದನ್ನು ನೋಡುವುದು ಕಂಡಿತು. 'ಕೊನೆಗೂ ಎಮ್ಲಿನ್ ತನ್ನ ಗಾಡಿ ಕಳಿಸಿದ' ಎಂದು ನಿಮ್ಮಮ್ಮ ನೆರಿಸ್ ಅಂದುಕೊಳ್ಳುವುದು ಕಂಡಿತು. ಅಷ್ಟೂ ಅವಳಿಗೆ ಸಿಗಬಾರದು ಎನಿಸಿತು. ಬಾಯಿಯಿಂದ 'ಕ್ಲಚ್ ಹೋಗಿದೆ' ಎಂದು ಬಂದುಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಹನ್ನೊಂದರಿಂದ ಎರಡೂವರೆಯವರೆಗೆ ಹೊತ್ತಿತ್ತು. ನೀನು ಗೇಟಿನ ಹತ್ತಿರ ನಿಂತು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆ. ನಾನು ಒಳಗಿನಿಂದ ನೋಡುತ್ತಿದ್ದೆ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಇದಕ್ಕೆ ಸಮಜಾಯಿಷಿ ಇಲ್ಲ. ಹುಡುಕಿಯೂ ಇಲ್ಲ.

ಅಲೆಡ್‌ನ ಮನೆಗೆ ಹೋಗಿದ್ದು ಇದನ್ನು ಹೇಳುವುದಕ್ಕೆ. ಅವನು ಅಂಗಳದಲ್ಲಿ ಏಡಿ ಹಿಡಿಯುವ ಬುಟ್ಟಿಗಳಿಗೆ ಹಗ್ಗ ಹೊಸೆಯುತ್ತಿದ್ದ. ವ್ಯಾನ್ ನೋಡಿದ. ಏಳಲಿಲ್ಲ.

"ಎರಡೂವರೆ ವರ್ಷ ತಡವಾಗಿ ತಂದಿದ್ದೀಯ" ಎಂದ.

ಅವನಿಗೆ ಮೊದಲೇ ಗೊತ್ತಿತ್ತು. ನೀನು ಹೇಳಿರಬೇಕು. ನಾನು ನಿಂತೇ ಹೇಳಬೇಕಾದದ್ದನ್ನು ಹೇಳಿದೆ. ಅವನು ಹಗ್ಗ ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು.

"ನಿಂಗೊಂದ್ ವಿಷ್ಯ ಹೇಳ್ತೀನಿ ಎಮ್ಲಿನ್. ಇಟ್ಕೊ ಜೊತೇಲಿ. ಎರಡು ಗಂಟೆಗೆ ನೆರಿಸ್ ಕಣ್ಣು ಬಿಟ್ಳು. 'ಮರೆದ್ ಎಲ್ಲಿ' ಅಂದ್ಳು. 'ದಾರೀಲಿದಾಳೆ, ಇನ್ನೇನು ಬಂದ್ಳು' ಅಂದೆ. ಎರಡೂವರೆಗೆ ಮತ್ತೆ ಕೇಳಿದ್ಳು. ಅದೇ ಹೇಳಿದೆ. ಮೂರಕ್ಕೆ ಕೇಳ್ಲಿಲ್ಲ, ಬಾಗಿಲು ನೋಡ್ತಾ ಇದ್ಳು. ನಾನು ಹೇಳಿದ ಸುಳ್ಳು ಅದು. ನೀನು ಹೇಳಿದ ಸುಳ್ಳಿನ ಪಕ್ಕದಲ್ಲಿಟ್ಟು ನೋಡು."

ನನಗೆ ಕೂರಲು ಹೇಳಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಲೋಟ ಚಹಾ ತಂದು ಗೋಡೆಯ ಮೇಲಿಟ್ಟು ತಿರುಗಿ ನೋಡದೆ ದಡದ ಕಡೆ ಹೋದ. ಕುಡಿದೆ. ಲೋಟ ತೊಳೆದಿಟ್ಟು ಬಂದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದು ಇನ್ನೊಂದು ಬೇಡಿಕೆಯಾಗುತ್ತದೆ. ನಿಜ ಗೊತ್ತಿರಲಿ ಎಂದು ಬರೆದೆ.

ಅಪ್ಪ

*

ಅಬರಿಸ್ಟ್ವಿತ್
3 ಸೆಪ್ಟೆಂಬರ್ 2024

ಅಪ್ಪ,

ಅಮ್ಮ ಬೆಳಗಿನಿಂದ ನಿದ್ದೆಯಲ್ಲೇ ಇದ್ದಳು, ಅವಳಿಗೆ ಏನೂ ಗೊತ್ತಾಗಲಿಲ್ಲ ಎಂದು ಅಲೆಡ್ ನನಗೆ ಹೇಳಿದ್ದ. ಎರಡೂವರೆ ವರ್ಷ ಆ ಮಾತನ್ನು ಅಪ್ಪಿಕೊಂಡು ಮಲಗಿದೆ. ನೀನು ಒಂದು ಕಾಗದದಲ್ಲಿ ಅದನ್ನೂ ಕಿತ್ತುಕೊಂಡೆ. ಅವಳು ಬಾಗಿಲು ನೋಡುತ್ತಿದ್ದಳು ಎಂದು ನನಗೆ ಯಾಕೆ ಬರೆದೆ? ನಿನ್ನ ಎದೆ ಹಗುರವಾಗಲಿ ಎಂದೇ? ಭಾರ ಇಳಿಸುವುದಕ್ಕೆ ನನ್ನ ತಲೆಯೇ ಬೇಕಿತ್ತೇ?

ನಿಜ ಗೊತ್ತಿರಲಿ ಎಂದೆಯಲ್ಲ. ನಿಜ ಹೇಳುವ ಹೊತ್ತಿನಲ್ಲಿ ಸುಳ್ಳು ಹೇಳುತ್ತೀಯ, ಸುಳ್ಳನ್ನು ಹಾಗೇ ಇರಗೊಡಬಹುದಾದ ಹೊತ್ತಿನಲ್ಲಿ ನಿಜ ಬರೆಯುತ್ತೀಯ. ನಿನಗೆ ಹೊತ್ತುಗೊತ್ತು ಎಂಬುದೇ ಇಲ್ಲ.

ಅಲೆಡ್‌ನ ಹತ್ತಿರ ಹೋಗಿ ಕೂಗಾಡಿ ಬಂದೆ. ಅವನು ಅತ್ತ. ಅವನನ್ನು ಅಳಿಸಿದ್ದಕ್ಕೂ ನಿನ್ನ ಮೇಲೇ ಕೋಪ.

ಒಂದು ಮಾತು. ಕಾಗದದ ಮೇಲೆ ಎಲ್ಲರೂ ಧೈರ್ಯವಂತರು. ಆ ದಿನ ನೀನು ಸುಳ್ಳು ಹೇಳಿದ್ದು ಕಾಗದದಲ್ಲಲ್ಲ, ಬಾಯಲ್ಲಿ, ಶನಿವಾರದ ಗುಂಪಿನ ಎದುರಿಗೆ. ಅವರೆಲ್ಲ ಇವತ್ತಿಗೂ ಏನೆಂದುಕೊಂಡಿದ್ದಾರೆ? 'ಮಗಳು ಬೈಕಿನ ಸಿಟ್ಟಿಗೆ ಅಪ್ಪನನ್ನು ಬಿಟ್ಟು ಹೋದಳು' ಎಂದು. ಬೇರಿಂಗ್ ಬದಲಾಯಿಸಿದ ಮೇಲೆ ಬೈಕ್ ಪಾಸಾಗಿದೆ. ಬೆಥನ್ ಪಕ್ಕದಲ್ಲಿ ನಿಂತು ನೋಡಿದಳು, ನಾನೇ ಹಾಕಿದೆ. ಮುಂದಿನ ಪರೀಕ್ಷೆ ಏಪ್ರಿಲ್‌ನಲ್ಲಿ. ಶನಿವಾರ ನೋಡಿ ನಿನ್ನಲ್ಲಿಗೇ ತರುತ್ತೇನೆ. ಅಲ್ಲಿ, ಅವರೆದುರಿಗೆ, ಬಾಯಿಬಿಟ್ಟು ಹೇಳು. ಆಗದಿದ್ದರೆ ಈಗಲೇ ಬರೆ, ಪೆಟ್ರೋಲ್ ಉಳಿಯುತ್ತದೆ.

ಮರೆದ್

*

ರೇಯಡರ್
9 ಸೆಪ್ಟೆಂಬರ್ 2024

ಮರೆದ್,

ಏಪ್ರಿಲ್ 12, ಶನಿವಾರ, ಹತ್ತೂವರೆ. ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಬೈಕು ಹೇಗಿದೆಯೋ ಹಾಗೆಯೇ ಬರೆಯುತ್ತೇನೆ. ಅದರಲ್ಲಿ ರಿಯಾಯಿತಿ ನಿರೀಕ್ಷಿಸಬೇಡ.

ಅಪ್ಪ

*

ಅಬರಿಸ್ಟ್ವಿತ್
15 ಏಪ್ರಿಲ್ 2025

ಅಪ್ಪ,

ಶನಿವಾರ ನಾನು ಅಷ್ಟು ಕೂಗಿದ ಮೇಲೆ ಇನ್ನೂ ಬರೆಯಲು ಏನಿದೆ ಎಂದು ನೀನು ಕೇಳಬಹುದು. ಇದೆ.

ನೀನು ಫೇಲ್ ಮಾಡಿದೆಯಲ್ಲ, ಆ ಗಳಿಗೆಯ ಮಾತು ಮೊದಲು. ಇಪ್ಪತ್ತೈದು ನಿಮಿಷ ನೋಡಿದೆ. ಚಕ್ರ ಎತ್ತಿದೆ, ಹ್ಯಾಂಡಲ್ ತಿರುಗಿಸಿದೆ, ಅದು ಎಣ್ಣೆ ಹಾಕಿದಂತೆ ತಿರುಗಿತು. ನಿನ್ನ ಮುಖದಲ್ಲಿ ಏನೋ ಬಂದು ಹೋಯಿತು. ಇಷ್ಟು ಚೆನ್ನಾಗಿ ಹಾಕಿದ್ದಾಳೆ ಎಂದಿರಬೇಕು, ಹೇಳಲಿಲ್ಲ. ಆಮೇಲೆ ಹಿಂದಿನ ಬ್ರೇಕ್ ತುಳಿದೆ. ಕೆಂಪು ದೀಪ ಹತ್ತಲಿಲ್ಲ. ಇನ್ನೊಮ್ಮೆ ತುಳಿದೆ. ಹತ್ತಲಿಲ್ಲ. ಎಲ್ಲರೂ ನೋಡುತ್ತಿದ್ದರು. ಯೆಯನ್ ತನ್ನ ಹೊಸ ಕಿವಿಯಂತ್ರದ ಸದ್ದನ್ನು ಜಾಸ್ತಿ ಮಾಡಿಕೊಂಡದ್ದನ್ನು ನಾನು ನೋಡಿದೆ.

"ಫೇಲ್" ಎಂದೆ ನೀನು.

"ಅಯ್ಯೋ ಎಮ್ಲಿನ್, ಒಂದು ದೀಪಕ್ಕೆ!" ಎಂದ ಯೆಯನ್. "ಮೂರು ವರ್ಷ ಆದ್ಮೇಲೆ ಬಂದಿದಾಳೆ ಮಾರಾಯ, ಕಣ್ಣು ಮುಚ್ಕೊಳ್ಳೋ!"

ನೀನು ಕಣ್ಣು ಮುಚ್ಚಿಕೊಂಡಿದ್ದರೆ ನಾನು ಆ ಕ್ಷಣವೇ ಬೈಕ್ ತಳ್ಳಿಕೊಂಡು ಹೊರಟುಬಿಡುತ್ತಿದ್ದೆ. ಮತ್ತೆಂದೂ ಬರುತ್ತಿರಲಿಲ್ಲ. ಇದು ನಿನಗೆ ತಿಳಿದಿರಲಿ.

ಆಮೇಲೆ ನೀನು ಫಾರಮ್ಮು ಕೆಳಗಿಟ್ಟು, ಕೈ ಒರೆಸಿಕೊಂಡು, ಅವರ ಕಡೆ ತಿರುಗಿದೆ. ನಿನ್ನ ದನಿ ಇಷ್ಟು ಸಣ್ಣದಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

"ನೆರಿಸ್ ಹೋದ ದಿನ ಇವಳು ವ್ಯಾನ್ ಕೇಳಿದ್ಳು. ಕ್ಲಚ್ ಹೋಗಿದೆ ಅಂದೆ. ಹೋಗಿರಲಿಲ್ಲ. ಬೇಕಂತಲೇ ಕೊಡಲಿಲ್ಲ. ಇವಳು ಅಮ್ಮನ ಮುಖ ನೋಡದ ಹಾಗೆ ಮಾಡಿದ್ದು ನಾನು. ಬೈಕಲ್ಲ."

ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ಇದಕ್ಕಾಗಿ ನಾನು ಒಂದು ಚಳಿಗಾಲ ಕಾದಿದ್ದೆ. ಇದನ್ನು ಕೇಳಿದ ಮೇಲೆ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಬದಲಿಗೆ ನಾನು ಕೂಗತೊಡಗಿದೆ. ಏನು ಕೂಗಿದೆನೋ ಎಲ್ಲ ನೆನಪಿಲ್ಲ. ಗೇಟಿನ ಹತ್ತಿರ ನಿಂತು ಒಂಬತ್ತು ಜನಕ್ಕೆ ಫೋನ್ ಮಾಡಿದ್ದು, ಕಾರಿನಲ್ಲಿ ಕುರಿಮಂದೆ ದಾಟಲೆಂದು ನಿಂತದ್ದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಓಡಿ ಮಂಡಿ ಒಡೆದುಕೊಂಡದ್ದು, ಅವಳ ಕೈ ಇನ್ನೂ ಬೆಚ್ಚಗಿದ್ದದ್ದು. ಅವಳ ಕೈ ಬೆಚ್ಚಗಿತ್ತು ಎಂದು ಹೇಳುವಾಗ ನೀನು ಗೋಡೆ ಹಿಡಿದುಕೊಂಡೆ. ಹಿಡಿದುಕೊಂಡರೂ ಒಳಗೆ ಹೋಗಲಿಲ್ಲ. ಕೊನೆಯ ಮಾತಿನವರೆಗೆ ನಿಂತು ಕೇಳಿದೆ. ಅಷ್ಟನ್ನು ಒಪ್ಪುತ್ತೇನೆ.

ಆಮೇಲೆ ನಾನೇ ಬ್ರೇಕ್ ದೀಪದ ಸ್ವಿಚ್ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಕೂರಿಸಿದೆ. ನೀನು ಮತ್ತೆ ತುಳಿದೆ. ಹತ್ತಿತು. ಪಾಸ್ ಎಂದು ಬರೆದೆ. ನಾನು ಕಾಗದ ತೆಗೆದುಕೊಂಡು ಹೊರಟೆ. ಚಹಾ ಬೇಡವಾಗಿತ್ತು, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಈಗ ಹೇಳಬೇಕಾದ್ದು. ಪೊಂಟರ್ವಿಡ್‌ವರೆಗೂ ನಿನ್ನ ಮೇಲೆ ಕೋಪದಿಂದ ಉರಿಯುತ್ತಲೇ ಓಡಿಸಿದೆ. ಇಳಿಜಾರಿನ ತಿರುವಿನಲ್ಲಿ ಹ್ಯಾಂಡಲ್ ಎಷ್ಟು ಹಗುರವಾಗಿ ತಿರುಗಿತೆಂದರೆ ಯಾವ ತಿರುವಿನಲ್ಲಿದ್ದೇನೆ ಎಂಬುದೇ ಗೊತ್ತಾಗಲಿಲ್ಲ. ಅದನ್ನು ದಾಟಿ ಕಣಿವೆ ತೆರೆದುಕೊಂಡಾಗ ಹೆಲ್ಮೆಟ್ಟಿನ ಒಳಗೆ ನಾನು ಇನ್ನೂ ಬಯ್ಯುತ್ತಿದ್ದೆ. ಆದರೆ ನಿನ್ನನ್ನಲ್ಲ. ಅಮ್ಮನನ್ನು.

ಕಾಯಿಲೆಯ ವಿಷಯವನ್ನು ನನಗೆ ಎರಡು ತಿಂಗಳು ಮುಚ್ಚಿಟ್ಟದ್ದಕ್ಕೆ. ಇಪ್ಪತ್ತೊಂದು ವರ್ಷದ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ 'ಅಪ್ಪನನ್ನು ನೋಡಿಕೋ' ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೋದದ್ದಕ್ಕೆ. ಇಪ್ಪತ್ತು ನಿಮಿಷ, ಬರೀ ಇಪ್ಪತ್ತು ನಿಮಿಷ ತಡೆದುಕೊಳ್ಳದೆ ಹೋದದ್ದಕ್ಕೆ. ಸತ್ತವಳನ್ನು ಬಯ್ಯುವುದು ಹೇಗೆ? ಅದಕ್ಕೇ ಮೂರು ವರ್ಷ ಅವಳ ಪಾಲನ್ನೂ ಸೇರಿಸಿ ನಿನಗೇ ಕೊಟ್ಟೆನೋ ಏನೋ. ನಿನ್ನ ಪಾಲು ಕಡಿಮೆಯಾಯಿತು ಎಂದುಕೊಳ್ಳಬೇಡ. ನಿನ್ನದು ಹಾಗೇ ಇದೆ, ತುಂಬ ದಿನ ಇರುತ್ತದೆ. ಅವಳದು ಬೇರೆ ಇದೆ ಎಂದು ಈಗ ಗೊತ್ತಾಯಿತು, ಅಷ್ಟೆ.

ರಸ್ತೆ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ, ಜೋರಾಗಿ ಅವಳ ಹೆಸರು ಹಿಡಿದು ಬಯ್ದೆ. ಕುರಿಗಳು ತಲೆಯೆತ್ತಿ ನೋಡಿದವು. ಅಳು ಬಂದದ್ದು ಆಗ. ಆಸ್ಪತ್ರೆಯಲ್ಲಿ ಬಂದಿರಲಿಲ್ಲ, ಮಣ್ಣು ಮಾಡುವಾಗಲೂ ಬಂದಿರಲಿಲ್ಲ.

ಅಲೆಡ್‌ಗೆ ಇದನ್ನು ಹೇಳುವಂತಿಲ್ಲ. ಅವನಿಗೆ ಅವಳು ದೇವತೆ. ಅವಳ ಮೇಲೆ ಕೋಪ ಇರಬಹುದಾದ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲೆ ನೀನೊಬ್ಬನೇ. ಅದಕ್ಕೆ ಕೇಳುತ್ತಿದ್ದೇನೆ.

ನಿನಗೂ ಇದೆಯಾ ಅಪ್ಪ? ಇವತ್ತಿಗೂ?

ಮರೆದ್

*

ರೇಯಡರ್
17 ಏಪ್ರಿಲ್ 2025

ಮರೆದ್,

ಇದೆ.

ದಿನಾ ಬೆಳಿಗ್ಗೆ ಎರಡು ಲೋಟ ಇಳಿಸಿ ಒಂದನ್ನು ಮತ್ತೆ ಮೇಲಿಡುವಾಗ ಬರುತ್ತದೆ. ಹನ್ನೊಂದು ವರ್ಷದಿಂದ ಯಾರ ಹತ್ತಿರವೂ ಹೇಳಿಲ್ಲ. ಯಾರೂ ಕೇಳಿರಲಿಲ್ಲ.

ನೀನು ಅವಳನ್ನು ಏನೇನು ಬಯ್ದೆ, ಬರೆ. ನಾನೂ ಬರೆಯುತ್ತೇನೆ.

ಅಪ್ಪ